ಅನಾನಸಿನ ಕಿರಿಯ ಬಂಧು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆಯೇ ತಮ್ಮ ಕಣ್ಣ ಮುಂದೆ ನಿಲ್ಲುವುದು ತೆಂಗಿನ ತೋಟ. ಅದರಲ್ಲಿಯೂ ತಿಪಟೂರೆಂದರೆ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಕಿತ್ತು, ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯು ಕರಟವನ್ನು ಬಿಟ್ಟುಕೊಳ್ಳುವವರೆಗೆ ವರ್ಷದ ಬಹುಭಾಗವನ್ನು ತಾಳ್ಮೆಯಿಂದ ಕಳೆಯುವ ಸೀಮೆ ಇದು. ಇಂಥ ಸೀಮೆಯಲ್ಲಿ ಹುಟ್ಟಿ, ತೆಂಗಿನ ಬುಡದಲ್ಲಿಯೇ ಆಡಿ ಬೆಳೆದ ನಾನು, ಗೇಣುದ್ದವೂ ಇಲ್ಲದ ಒಂದು ಗಿಡವನ್ನು ಎರಡು ತಿಂಗಳೊಳಗೆ ಕೊಂದೆನೆಂದರೆ ತಾವು ನಗಬಹುದು. ಅದು ಉಪೇಕ್ಷೆಯಿಂದ ಸತ್ತಿದ್ದರೆ ನನಗೆ ಅಷ್ಟು ವ್ಯಸನವಾಗುತ್ತಿರಲಿಲ್ಲ, ಉಪಚಾರದಿಂದಲೇ ಸತ್ತಿತು. ಆ ತಪ್ಪು ಏನು, ಅದನ್ನು ತಿದ್ದಿಕೊಳ್ಳುವ ಬಗೆ ಯಾವುದು ಎಂಬುದನ್ನು ನಿವೇದಿಸುವುದೇ ಈ ಭಾಷಣದ ಉದ್ದೇಶ.

ಬೆಂಗಳೂರಿನ ಒಂದು ನರ್ಸರಿಯಿಂದ ನಾನು ತಂದ ಆ ಗಿಡದ ಹೆಸರು ನಿಯೋರೆಜೇಲಿಯ. ಅದರೊಳಗೆ ‘ಫೈರ್‌ಬಾಲ್’ ಎಂದು ಕರೆಯುವ ಕುಳ್ಳು ಬಗೆ. ಅಂಗೈ ಅಗಲದ ಗಿಡ. ಕಾಂಡವೆಂಬುದು ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಮುಳ್ಳಿನಂಚಿನ ಎಲೆಗಳು ಒಂದರೊಳಗೊಂದು ಸುತ್ತಿಕೊಂಡು ನಡುವೆ ಒಂದು ಬಟ್ಟಲನ್ನು ರಚಿಸುತ್ತವೆ. ಒಳ್ಳೆಯ ಬೆಳಕಿನಲ್ಲಿ ಇಟ್ಟರೆ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತವೆ. ಗಿಡವೇ ಒಂದು ಹೂವೆಂಬಂತೆ ತೋರುತ್ತದೆ. ಇದು ಬ್ರೊಮೀಲಿಯಡ್ ಎಂಬ ಕುಟುಂಬಕ್ಕೆ ಸೇರಿದುದು. ಸ್ವೀಡನ್ ದೇಶದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಓಲೋಫ್ ಬ್ರೊಮೀಲಿಯಸ್ ಎಂಬವನ ಸ್ಮರಣಾರ್ಥವಾಗಿ ಬಂದ ಹೆಸರು ಅದು.

ಹೆಸರು ಅಪರಿಚಿತವಾದರೂ ಕುಟುಂಬವು ನಮಗೆ ಅಪರಿಚಿತವಲ್ಲ. ನಾವು ಸಂತೆಯಿಂದ ತರುವ ಅನಾನಸು ಈ ಕುಟುಂಬದ ಹಿರಿಯಣ್ಣ. 1493ರಲ್ಲಿ ಕೊಲಂಬಸನ ಸಂಗಡಿಗರು ಗ್ವಾಡೆಲೂಪ್ ದ್ವೀಪದಲ್ಲಿ ಅದರ ರುಚಿಯನ್ನು ಕಂಡರು. ಮುಂದಿನ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ದೇಶಕ್ಕೆ ತಂದರು. ಜಹಾಂಗೀರ ಬಾದಷಹನು ತನ್ನ ಆತ್ಮಕಥೆಯಲ್ಲಿ ಫಿರಂಗಿಗಳ ಬಂದರುಗಳಿಂದ ಬಂದ ಈ ಹಣ್ಣನ್ನು ಆಗ್ರಾದ ತೋಟದಲ್ಲಿ ಬೆಳೆಸಿದ ವಿಷಯವನ್ನು ಬರೆದಿದ್ದಾನೆ. ಮೂರು ಸಾವಿರಕ್ಕೂ ಮೀರಿದ ಜಾತಿಗಳುಳ್ಳ ಈ ಕುಟುಂಬದ ತೌರು ಅಮೆರಿಕ ಖಂಡಗಳು. ಒಂದೇ ಒಂದು ಜಾತಿ ಮಾತ್ರ ಸಮುದ್ರದಾಚೆ, ಪಶ್ಚಿಮ ಆಫ್ರಿಕದ ಗಿನಿಯಲ್ಲಿ ಬೆಳೆಯುತ್ತದೆ.

ಅಣ್ಣತಮ್ಮಂದಿರ ಸ್ವಭಾವ ಒಂದೇ ಆಗಿರಬೇಕೆಂಬ ನಿಯಮವಿಲ್ಲವಷ್ಟೆ. ಅನಾನಸು ನೆಲದಲ್ಲಿ ಬೇರೂರಿ ನೆಲದಿಂದಲೂ ನೀರನ್ನು ಹೀರುವ ಗಿಡ. ನಿಯೋರೆಜೇಲಿಯವಾದರೋ ಬ್ರೆಜಿಲ್ ದೇಶದ ಕಾಡುಗಳಲ್ಲಿ ಬಹುಮಟ್ಟಿಗೆ ಮರದ ಕೊಂಬೆಗಳ ಮೇಲೆ ಬಾಳುವುದು. ಅಲ್ಲಿ ಮಣ್ಣೆಲ್ಲಿಯದು? ಮಳೆಯ ಹನಿ, ಉದುರಿದ ಎಲೆ, ಗಾಳಿ ತಂದ ಧೂಳು, ಸತ್ತ ಕೀಟ, ಇವೇ ಅದರ ಅನ್ನಪಾನ. ಇವೆಲ್ಲವೂ ನಡುವಣ ಬಟ್ಟಲಿನಲ್ಲಿ ಸೇರಿ ಕೊಳೆತು ಸಾರವಾಗುತ್ತವೆ. ಎಲೆಗಳ ಬುಡದಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಯಂಥ ರೋಮಗಳು ಆ ಸಾರವನ್ನು ಹೀರಿಕೊಳ್ಳುತ್ತವೆ. ಬೇರು ಇದೆಯೆಂಬುದೇನೋ ನಿಜ. ಆದರೆ ಅದರ ಮುಖ್ಯ ಕೆಲಸ ಕೊಂಬೆಯನ್ನು ಅಪ್ಪಿ ಹಿಡಿಯುವುದು. ನಮ್ಮ ಗಿಡಗಳಿಗೆ ಬೇರೇ ಬಾಯಿ. ಈ ಗಿಡಕ್ಕೆ ಬೇರು ಕೈ, ಬಟ್ಟಲು ಬಾಯಿ.

ನಾನು ಮಾಡಿದ ಅಪರಾಧವು ಈಗ ತಮಗೆ ಹೊಳೆದಿರಬಹುದು. ತೆಂಗಿನ ಸಸಿಗೆ ಮಾಡುವಂತೆ ಕೆಮ್ಮಣ್ಣು, ಮರಳು, ಕೊಟ್ಟಿಗೆಯ ಗೊಬ್ಬರಗಳನ್ನು ಬೆರಸಿ, ಕುಂಡದಲ್ಲಿ ಒತ್ತಿ ತುಂಬಿ, ಬೆಳಗ್ಗೆ ಸಂಜೆ ಬುಡಕ್ಕೆ ನೀರು ಹಾಕಿದೆನು. ಮಣ್ಣು ಒದ್ದೆಯಾಗಿಯೇ ನಿಂತಿತು, ಗಾಳಿಯಾಡದೆ ಬೇರು ಕೊಳೆಯಿತು, ಕೊಳೆತವು ಬುಡಕ್ಕೇರಿತು. ಒಂದು ದಿನ ನಡುವಣ ಎಲೆಯನ್ನು ಹಿಡಿದು ಮೆಲ್ಲಗೆ ಎಳೆದರೆ ಇಡೀ ಸುಳಿಯೇ ಕೈಗೆ ಬಂದಿತು. ಸುಳಿ ಕೊಳೆತ ತೆಂಗಿನ ಸಸಿಯನ್ನು ಕಂಡವರಿಗೆ ಆ ವಾಸನೆಯನ್ನು ವರ್ಣಿಸಬೇಕಾದುದಿಲ್ಲ.

ಎರಡನೆಯ ಗಿಡವನ್ನು ತಂದಾಗ ಈ ತತ್ತ್ವವನ್ನು ಸೂತ್ರದಂತೆ ಬಾಯಿಪಾಠ ಮಾಡಿಕೊಂಡೆನು: ಬಟ್ಟಲಿನಲ್ಲಿ ನೀರು, ಬೇರಿನಲ್ಲಿ ಗಾಳಿ. ಮುಂದೆ ಹೇಳತಕ್ಕ ವಿವರಗಳೆಲ್ಲವೂ ಈ ಸೂತ್ರದ ವ್ಯಾಖ್ಯಾನವೇ ಆಗಿವೆ.

ಮೊದಲು ಬೇರಿನ ವಿಚಾರ. ಇದಕ್ಕೆ ಬೇಕಾದ ಸಾಮಗ್ರಿಯನ್ನು ಪರದೇಶಗಳಲ್ಲಿ ದುಡ್ಡು ಕೊಟ್ಟು ಪೊಟ್ಟಣಗಳಲ್ಲಿ ಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಅದು ಪ್ರತಿಯೊಂದು ತೋಟದ ಮನೆಯ ಹಿಂದೆಯೂ ರಾಶಿಯಾಗಿ ಬಿದ್ದಿರುತ್ತದೆ. ತೆಂಗಿನ ಸಿಪ್ಪೆಯೇ ಆ ಸಾಮಗ್ರಿ. ಒಣಸಿಪ್ಪೆಯನ್ನು ಅರ್ಧ ಅಂಗುಲದ ತುಂಡುಗಳಾಗಿ ಕತ್ತರಿಸಿದರೆ, ಪ್ರತಿಯೊಂದು ತುಂಡೂ ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ತುಂಡುತುಂಡುಗಳ ನಡುವೆ ಗಾಳಿಗೆ ದಾರಿ ಬಿಡುತ್ತದೆ. ಮರದ ತೊಗಟೆಯ ಮೇಲೆ ಆ ಗಿಡಕ್ಕೆ ದೊರೆಯುತ್ತಿದ್ದುದೂ ಇದೇ. ಸಿಪ್ಪೆಯನ್ನು ಕುಟ್ಟಿದಾಗ ಉದುರುವ ನಾರಿನ ಪುಡಿಯನ್ನು ಮಾತ್ರ ಒಂಟಿಯಾಗಿ ಉಪಯೋಗಿಸಕೂಡದು. ಅದು ನೀರನ್ನು ಸ್ಪಂಜಿನಂತೆ ಹಿಡಿದು, ಒದ್ದೆ ಮಣ್ಣು ಮಾಡುವ ಕೇಡನ್ನೇ ಮಾಡುತ್ತದೆ.

ಸಿಪ್ಪೆಯನ್ನು ಹಾಗೆಯೇ ಹಾಕುವುದೂ ತರವಲ್ಲ. ಅದರಲ್ಲಿ ಒಗರು ಪದಾರ್ಥವೂ ಲವಣಗಳೂ ಇರುತ್ತವೆ. ಕರಾವಳಿಯಲ್ಲಿ ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಲ್ಲಿ ಉಪ್ಪು ಹೆಚ್ಚು; ನಮ್ಮ ಒಳನಾಡಿನ ಅಟ್ಟದ ಕಾಯಿಯ ಸಿಪ್ಪೆಗೆ ಆ ದೋಷ ಕಡಮೆ. ಆದರೂ ತುಂಡುಗಳನ್ನು ಒಂದು ಬಕೆಟ್ಟಿನಲ್ಲಿ ನೆನೆಹಾಕಿದರೆ ಮರುದಿನ ನೀರು ಚಹದ ಬಣ್ಣಕ್ಕೆ ತಿರುಗಿರುವುದನ್ನು ಕಾಣಬಹುದು. ಆ ನೀರನ್ನು ಚೆಲ್ಲಿ ಹೊಸ ನೀರನ್ನು ತುಂಬತಕ್ಕದ್ದು. ಬಣ್ಣವು ತಿಳಿಯಾಗುವವರೆಗೆ, ಎಂದರೆ ನಾಲ್ಕೈದು ಸಲ, ಹೀಗೆ ಮಾಡಬೇಕು. ಮೂರು ಪಾಲು ಸಿಪ್ಪೆಯ ತುಂಡಿಗೆ ಒಂದು ಪಾಲು ಕರಟದ ಇದ್ದಿಲಿನ ಚೂರನ್ನು ಬೆರಸಿದರೆ ಬೇರಿನ ಹಾಸು ಸಿದ್ಧವಾಯಿತು.

ಕುಂಡಕ್ಕೂ ಹಣ ವ್ಯಯಮಾಡಬೇಕಾದುದಿಲ್ಲ. ಅಡುಗೆಮನೆಯಲ್ಲಿ ಕಾಯಿ ಒಡೆದಾಗ ಎರಡು ಹೋಳಾಗುತ್ತದೆಯಷ್ಟೆ. ಮೂರು ಕಣ್ಣಿರುವ ಹೋಳಿನ ಕಾಯನ್ನು ತುರಿದು ತೆಗೆದು, ಕರಟವನ್ನು ಚೆನ್ನಾಗಿ ಒಣಗಿಸಿರಿ. ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ; ಮೊಳಕೆಯು ಹೊರಬರುವ ದಾರಿ ಅದೇ. ಅದನ್ನು ಒಂದು ಕಡ್ಡಿಯಿಂದಲೇ ತೆರೆಯಬಹುದು. ಉಳಿದೆರಡಕ್ಕೆ ಮೊಳೆ ಬೇಕು. ಹೀಗೆ ನೀರು ಬಸಿಯಲು ಪ್ರಕೃತಿಯೇ ಗುರುತು ಹಾಕಿಕೊಟ್ಟ ಕುಂಡವೊಂದು ದೊರೆತಂತಾಯಿತು. ಕುಳ್ಳು ನಿಯೋರೆಜೇಲಿಯಕ್ಕೆ ಇದಕ್ಕಿಂತ ದೊಡ್ಡ ಕುಂಡ ಬೇಡ. ದೊಡ್ಡ ಕುಂಡದಲ್ಲಿ ತೇವ ಬಹುಕಾಲ ನಿಲ್ಲುತ್ತದೆ, ಅದೇ ಅಪಾಯ. ನೆಡುವಾಗ ಬುಡದ ಎಲೆಗಳು ಹೂತುಹೋಗದಂತೆ ನೋಡಿಕೊಳ್ಳಬೇಕು. ಗಿಡವು ಅಲುಗಾಡಿದರೆ ಹೊಸ ಬೇರು ಹಿಡಿಯುವವರೆಗೆ ನಾರಿನ ದಾರದಿಂದ ಕಟ್ಟಬಹುದು. ತಾಮ್ರದ ತಂತಿಯನ್ನಾಗಲಿ, ಸತುವಿನ ಲೇಪವುಳ್ಳ ತಂತಿಯನ್ನಾಗಲಿ ಕಟ್ಟಕೂಡದು.

ತಾಮ್ರದ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬ್ರೊಮೀಲಿಯಡ್ ಗಿಡಗಳಿಗೆ ತಾಮ್ರವು ವಿಷ. ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರು ನಮಗೆ ಒಳ್ಳೆಯದೆಂದು ಅನೇಕರು ಕುಡಿಯುತ್ತಾರೆ. ಮಿಕ್ಕುದನ್ನು ಗಿಡಕ್ಕೆ ಸುರಿಯುವುದು ಮನೆಮನೆಯ ವಾಡಿಕೆ. ಈ ಗಿಡಕ್ಕೆ ಮಾತ್ರ ಹಾಗೆ ಸುರಿಯಬೇಡಿರಿ. ತೋಟಗಾರರಿಗೆ ಇನ್ನೊಂದು ಮಾತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗದ ಮೇಲೆ 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿ, ಬೋರ್ಡೋ ಮಿಶ್ರಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣಗಳ ಆ ದ್ರಾವಣವು ಅಂದಿನಿಂದ ನಮ್ಮ ಎಷ್ಟೋ ತೋಟಗಳನ್ನು ಕಾಪಾಡಿದೆ. ಆದರೆ ಮೈಲುತುತ್ತವೆಂಬುದು ತಾಮ್ರದ ಲವಣ. ಅಡಕೆಗೆ ಅಮೃತವಾದುದು ಅಂಗಳದ ನಿಯೋರೆಜೇಲಿಯಕ್ಕೆ ಮೃತ್ಯು. ಸಿಂಪಡಿಸುವ ದಿನ ಗಿಡವನ್ನು ಒಳಗಿಡುವುದು ಕ್ಷೇಮ.

ಇನ್ನು ನೀರಿನ ವಿಚಾರ. ಕೊಳವೆ ಬಾವಿಯ ಗಡಸು ನೀರು ಬಟ್ಟಲಿನಲ್ಲಿ ಆರಿದರೆ ಎಲೆಗಳ ಮೇಲೆ ಬಿಳಿಯ ಪಟ್ಟೆ ಉಳಿಯುತ್ತದೆ. ಆ ಸುಣ್ಣವು ನೀರು ಹೀರುವ ರೋಮಗಳನ್ನು ಮುಚ್ಚುತ್ತದೆ. ಮಳೆಯ ನೀರು ಅತ್ಯುತ್ತಮ. ಸೂರಿನಿಂದ ಹಿಡಿದ ನೀರನ್ನು ಮುಚ್ಚಳವುಳ್ಳ ಪಾತ್ರೆಯಲ್ಲಿ ಶೇಖರಿಸಿಟ್ಟುಕೊಂಡರೆ, ಇಷ್ಟು ಚಿಕ್ಕ ಗಿಡಕ್ಕೆ ಅದು ಬಹುಕಾಲ ಸಾಲುತ್ತದೆ. ಬಟ್ಟಲಿನ ಕಾಲುಭಾಗದಷ್ಟು ನೀರು ಸದಾ ಇರಲಿ. ಬುಡದ ಸಿಪ್ಪೆಯನ್ನು ಮುಟ್ಟಿ ನೋಡಿ, ಒಣಗಿದ ಮೇಲೆ ಮಾತ್ರ ಸ್ವಲ್ಪ ತೋಯಿಸಿರಿ. ಗೊಬ್ಬರವೆಂದರೆ, ದ್ರವಗೊಬ್ಬರದ ಡಬ್ಬಿಯಲ್ಲಿ ಹೇಳಿದ ಪ್ರಮಾಣದ ಕಾಲುಭಾಗವನ್ನು ತಿಂಗಳಿಗೊಮ್ಮೆ ಬೇಸಗೆಯಲ್ಲಿ ಮತ್ತು ಮಳೆಗಾಲದಲ್ಲಿ, ಅದೂ ಬುಡದ ಹಾಸಿಗೆ, ಕೊಟ್ಟರೆ ಸಾಕು. ಬಟ್ಟಲಿಗೆ ಹಾಕಿದರೆ ಪಾಚಿ ಕಟ್ಟುತ್ತದೆ. ಎಲೆಯ ಬುಡ ಸುಡುವುದೂ ಉಂಟು.

ಬಟ್ಟಲಿನ ನೀರೆಂದೊಡನೆ ನಾನು ನಾಚಿಕೊಂಡ ಒಂದು ಪ್ರಸಂಗವನ್ನು ಮರೆಮಾಚದೆ ಹೇಳಬೇಕು. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಆಶಾ ಕಾರ್ಯಕರ್ತೆಯೊಬ್ಬರು ಡೆಂಗಿ ಜ್ವರದ ಸೊಳ್ಳೆಯನ್ನು ಹುಡುಕುತ್ತ ಮನೆಗೆ ಬಂದರು. ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಗಳನ್ನೆಲ್ಲ ಪರೀಕ್ಷಿಸಿದರು. ನಾನು ಹೆಮ್ಮೆಯಿಂದ ಜೊತೆಯಲ್ಲಿ ನಿಂತಿದ್ದೆನು. ಹೊರಡುವಾಗ ಆಕೆಯು ಕಿಟಕಿಯ ಬಳಿಯ ಗಿಡದ ಬಟ್ಟಲಿಗೆ ಟಾರ್ಚಿನ ಬೆಳಕನ್ನು ಬಿಟ್ಟು, “ಸಾರ್, ಇಲ್ಲಿ ಹುಳ ಆಡ್ತಾ ಇದಾವೆ ನೋಡಿ” ಎಂದರು. ನೋಡಿದರೆ ನಾಲ್ಕೈದು ಮರಿಗಳು ಮೇಲಕ್ಕೂ ಕೆಳಕ್ಕೂ ಹೊರಳುತ್ತಿದ್ದವು. ಅದೇ ತಿಂಗಳು ಎದುರುಮನೆಯ ಮಗುವೊಂದು ಡೆಂಗಿಯಿಂದ ಆಸ್ಪತ್ರೆ ಸೇರಿ ಬಂದಿತ್ತು. ನನ್ನ ಬಟ್ಟಲಿನ ಸೊಳ್ಳೆಯೇ ಕಾರಣವೆಂದು ಹೇಳಲಾಗದು. ಕಾರಣವಲ್ಲವೆಂದು ಹೇಳುವ ಧೈರ್ಯವೂ ನನಗೆ ಬರಲಿಲ್ಲ. ಗಿಡವನ್ನು ಬಿಸಾಡಿಬಿಡೋಣವೆಂದೇ ಆ ಸಂಜೆ ಯೋಚಿಸಿದೆನು.

ಬಿಸಾಡಬೇಕಾದ ಅವಶ್ಯಕತೆಯಿಲ್ಲ, ಆದರೆ ನಿಯಮವನ್ನು ತಪ್ಪಕೂಡದು. ಈಡಿಸ್ ಜಾತಿಯ ಸೊಳ್ಳೆ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿಯಾಗಿ, ಮರಿಯು ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಬೇಕು. ಆದುದರಿಂದ ನಾಲ್ಕು ದಿನಕ್ಕೊಮ್ಮೆ ಕುಂಡವನ್ನು ಎತ್ತಿ ತಲೆಕೆಳಗಾಗಿ ಬಗ್ಗಿಸಿ, ಹಳೆಯ ನೀರನ್ನು ಒಣನೆಲಕ್ಕೆ ಚೆಲ್ಲಿ, ಬಟ್ಟಲನ್ನು ತೊಳೆದು ಹೊಸ ನೀರು ಹಾಕಿದರೆ ಸೊಳ್ಳೆಗೆ ಅವಕಾಶವೇ ಇರದು. ಚಿಕ್ಕ ಗಿಡದ ಅನುಕೂಲವೇ ಇದು. ಒಂದು ಕೈಯಲ್ಲಿ ಎತ್ತಬಹುದು. ಸೀಮೆಎಣ್ಣೆಯನ್ನಾಗಲಿ ಬೇವಿನ ಎಣ್ಣೆಯನ್ನಾಗಲಿ ಬಟ್ಟಲಿಗೆ ಬಿಡಬೇಡಿರಿ. ಎಣ್ಣೆಯು ಆ ರೋಮಗಳ ಉಸಿರು ಕಟ್ಟಿಸುತ್ತದೆ. ವಾರಗಟ್ಟಲೆ ಊರಿಗೆ ಹೋಗುವವರು ಬಟ್ಟಲನ್ನು ಬರಿದುಮಾಡಿ ಹೋಗತಕ್ಕದ್ದು. ಗಿಡವು ಹತ್ತು ಹದಿನೈದು ದಿನ ಬಾಯಾರಿಕೆಯನ್ನು ತಾಳಬಲ್ಲದು. ಜೊತೆಗೆ, ಮನೆಯ ಹಿಂದೆ ಅಂಗಾತ ಬಿದ್ದ ಕರಟಗಳನ್ನೂ ಸಿಪ್ಪೆಗಳನ್ನೂ ನೋಡಿರಿ. ಒಂದು ಮಳೆ ಬಿದ್ದರೆ ಅವು ನೂರು ಬಟ್ಟಲುಗಳಾಗುತ್ತವೆ. ತೆಂಗಿನ ಸೀಮೆಯವರು ಅವನ್ನು ಕವುಚಿ ಹಾಕುವ ಅಭ್ಯಾಸವನ್ನು ಇಟ್ಟುಕೊಂಡರೆ ಬೀದಿಗೆಲ್ಲ ಉಪಕಾರ.

ಬೆಳಕಿನ ವಿಷಯಕ್ಕೆ ನಮ್ಮ ತೋಟವೇ ಪಾಠಶಾಲೆ. ಮಧ್ಯಾಹ್ನದಲ್ಲಿ ತೆಂಗಿನ ಕೆಳಗೆ ನಿಂತರೆ ಬಿಸಿಲು ಗರಿಗಳ ನಡುವೆ ಜರಡಿ ಹಿಡಿದಂತೆ ಸೋಸಿ ಬೀಳುತ್ತದೆ. ನೆರಳೂ ಅಲ್ಲ, ಸುಡುಬಿಸಿಲೂ ಅಲ್ಲ. ನಿಯೋರೆಜೇಲಿಯಕ್ಕೆ ಹಿತವಾದುದು ಇಂಥ ಬೆಳಕೇ. ಮನೆಯೊಳಗೆ ಪೂರ್ವದ ಕಿಟಕಿ ಯೋಗ್ಯವಾದ ಸ್ಥಳ. ಕತ್ತಲ ಕೋಣೆಯಲ್ಲಿಟ್ಟರೆ ಕೆಂಪು ಮಾಸಿ ಹಸುರಾಗಿ, ಎಲೆಗಳು ಉದ್ದುದ್ದ ಜೋತುಬೀಳುತ್ತವೆ. ಮಾರ್ಚ್ ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲಿಗೆ ನೇರವಾಗಿ ಒಡ್ಡಿದರೆ ಎಲೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ.

ಈ ಕುಟುಂಬದ ಇನ್ನೆರಡು ಕುಳ್ಳು ಗಿಡಗಳೂ ಪಟ್ಟಣಗಳಲ್ಲಿ ದೊರೆಯುತ್ತವೆ. ಅವುಗಳ ರೀತಿ ಬೇರೆ. ಕ್ರಿಪ್ಟಾಂಥಸ್ ಎಂಬುದು ನಕ್ಷತ್ರದ ಆಕಾರದಲ್ಲಿ ನೆಲಕ್ಕಂಟಿ ಬೆಳೆಯುವುದು. ಅದಕ್ಕೆ ಬಟ್ಟಲಿಲ್ಲ, ನೀರನ್ನು ಬೇರಿಗೇ ಕೊಡಬೇಕು, ಹಾಸಿನಲ್ಲಿ ನಾರಿನ ಪುಡಿಯ ಪಾಲು ಸ್ವಲ್ಪ ಹೆಚ್ಚಿರಬಹುದು. ಟಿಲಾಂಡ್ಸಿಯ ಎಂಬುದಕ್ಕೆ ಕುಂಡವೇ ಬೇಡ. ಸಿಪ್ಪೆಯ ತುಂಡಿಗೆ ಕಟ್ಟಿ ತೂಗುಹಾಕಬಹುದು. ವಾರಕ್ಕೊಂದೆರಡು ಸಲ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ ತೆಗೆದು, ಬುಡ ಮೇಲಾಗಿ ಹಿಡಿದು ನೀರನ್ನು ಕೊಡವಬೇಕು. ಇದನ್ನು ಬೆಳಗ್ಗೆಯೇ ಮಾಡಬೇಕು, ಸಂಜೆ ಮಾಡಕೂಡದು.

ಏಕೆ ಬೆಳಗ್ಗೆ? ಇದಕ್ಕೆ ಉತ್ತರ ಹೇಳಲು ನಮ್ಮ ಸಂಸ್ಥಾನದ ಚರಿತ್ರೆಯ ಒಂದು ಪುಟವನ್ನು ತಿರುವಬೇಕು. ಟಿಪ್ಪುಸುಲ್ತಾನನ ಅನಂತರ ಬೆಂಗಳೂರಿನ ಲಾಲ್‌ಬಾಗನ್ನು ಕೆಲವು ಕಾಲ ನೋಡಿಕೊಂಡವನು ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ. ಕಾಡುಬಸಳೆಯ ಎಲೆಯನ್ನು ಮುಂಜಾನೆ ಅಗಿದರೆ ಹುಳಿಯಾಗಿಯೂ ಹಗಲೇರಿದ ಮೇಲೆ ಸಪ್ಪೆಯಾಗಿಯೂ ಇರುವುದನ್ನು ಅವನು ಈ ದೇಶದಲ್ಲಿ ಗಮನಿಸಿ ಪತ್ರ ಬರೆದನು. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಅರ್ಥ ಸ್ಪಷ್ಟವಾದುದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಇಂಥ ಗಿಡಗಳು ನೀರನ್ನು ಉಳಿಸುವುದಕ್ಕಾಗಿ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲಾಮ್ಲ ವಾಯುವನ್ನು ಒಳಗೆಳೆದು ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲು ಬೆಳಕು ಬಂದಾಗ ಆ ಕೂಡಿಟ್ಟುದನ್ನು ಖರ್ಚುಮಾಡಿ ಆಹಾರವನ್ನು ತಯಾರಿಸುತ್ತವೆ. ಅನಾನಸೂ ನಿಯೋರೆಜೇಲಿಯವೂ ಟಿಲಾಂಡ್ಸಿಯವೂ ಈ ಮಾರ್ಗದವೇ. ಸಂಜೆ ಎಲೆಯನ್ನೆಲ್ಲ ತೋಯಿಸಿಟ್ಟರೆ ರಾತ್ರಿಯಿಡೀ ನೀರಿನ ಪೊರೆಯು ರಂಧ್ರಗಳನ್ನು ಮುಚ್ಚಿ, ಗಿಡದ ಉಸಿರಿಗೆ ಅಡ್ಡಿಯಾಗುತ್ತದೆ.

ನಮ್ಮ ತಂದೆಯವರಿಗೆ ಈ ಗಿಡದ ಮೇಲೆ ಮೊದಲಿನಿಂದಲೂ ಸಂಶಯ. ಮರಿಗಿಡವೊಂದನ್ನು ನಾನು ಅಂಗಳದ ತೆಂಗಿಗೆ ಕಟ್ಟಹೊರಟಾಗ ಅವರು ತಡೆದು, “ಇದೇನಯ್ಯ, ಬದನಿಕೆಯನ್ನು ದುಡ್ಡು ಕೊಟ್ಟು ತಂದು ಮರಕ್ಕೆ ಹತ್ತಿಸುತ್ತೀಯೆ?” ಎಂದರು. ಅವರ ಭಯ ಅಕಾರಣವಾದುದಲ್ಲ. ಮಾವು ಹೊಂಗೆಗಳ ಮೇಲೆ ಬೆಳೆಯುವ ಬದನಿಕೆಯು ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸವನ್ನೇ ಹೀರುತ್ತದೆ, ಕೊಂಬೆಯನ್ನು ಒಣಗಿಸುತ್ತದೆ. ನಿಯೋರೆಜೇಲಿಯವಾದರೋ ಮರವನ್ನು ಆಸರೆಯಾಗಿ ಮಾತ್ರ ಹಿಡಿಯುವುದು, ತೊಗಟೆಯನ್ನು ಕೊರೆಯುವುದಿಲ್ಲ. ಜಗುಲಿಯ ಮೇಲೆ ತಂಗಿದ ಪ್ರಯಾಣಿಕನಂತೆ ಅದು, ಬುತ್ತಿ ತನ್ನದೇ. ಇಷ್ಟು ಹೇಳಿದ ಮೇಲೂ ಅವರು, “ಮರಕ್ಕೆ ಬೇಡ, ಕಂಬಕ್ಕೆ ಕಟ್ಟು” ಎಂದರು. ಕಂಬಕ್ಕೇ ಕಟ್ಟಿದೆನು. ನಮ್ಮ ಬಯಲುಸೀಮೆಯ ಬೇಸಗೆಯ ಒಣಗಾಳಿಯಲ್ಲಿ ಗಿಡಕ್ಕೂ ಅದೇ ಮೇಲಾಯಿತು. ಜಗುಲಿಯ ಕಂಬದಲ್ಲಿ ನೀರು ಕೊಡುವುದು ಸುಲಭ.

ಕೊನೆಯದಾಗಿ ಹೇಳತಕ್ಕ ಮಾತು ಅತ್ಯಂತ ಮುಖ್ಯವಾದುದು. ಈ ಗಿಡದ ಪ್ರತಿಯೊಂದು ಸುಳಿಯೂ ಒಂದೇ ಸಲ ಹೂ ಬಿಡುತ್ತದೆ. ಬಟ್ಟಲಿನ ನೀರಿನ ಮಟ್ಟದಲ್ಲಿಯೇ ಸಣ್ಣ ಹೂಗಳು ಅರಳಿ ಮುಗಿದ ಬಳಿಕ, ತಾಯಿಗಿಡವು ವರ್ಷ ಎರಡು ವರ್ಷಗಳಲ್ಲಿ ಮೆಲ್ಲಗೆ ಕುಗ್ಗಿ ಸಾಯುತ್ತದೆ. ಇದು ರೋಗವಲ್ಲ, ಸಾಕಿದವರ ತಪ್ಪೂ ಅಲ್ಲ. ಇದನ್ನರಿಯದವರು ಎಲೆ ಒಣಗುವುದನ್ನು ಕಂಡು ಹೆದರಿ, ಇನ್ನಷ್ಟು ನೀರು ಹಾಕಿ ಕೊಳೆಯಿಸುತ್ತಾರೆ, ಇಲ್ಲವೆ ತಿಪ್ಪೆಗೆ ಎಸೆಯುತ್ತಾರೆ. ಬಾಳೆಯನ್ನು ಬೆಳೆದವರು ಹೀಗೆ ಮಾಡಲಾರರು. ಗೊನೆ ಬಿಟ್ಟ ಬಾಳೆ ಸಾಯುವುದೆಂದು ಅವರು ಬಲ್ಲರು. ಅದರ ಬುಡದ ಕಂದುಗಳ ಮೇಲೆ ಅವರ ಕಣ್ಣು. ಇಲ್ಲಿಯೂ ಹಾಗೆಯೇ. ‘ಫೈರ್‌ಬಾಲ್’ ಗಿಡವು ಪಕ್ಕಕ್ಕೆ ಬಳ್ಳಿಯಂಥ ಕಾಲುಗಳನ್ನು ಚಾಚಿ ಅವುಗಳ ತುದಿಯಲ್ಲಿ ಮರಿಗಳನ್ನಿಡುತ್ತದೆ. ಮರಿಯು ತಾಯಿಯ ಅರ್ಧದಷ್ಟಾಗುವವರೆಗೆ ಬೇರ್ಪಡಿಸಬೇಡಿರಿ. ಒಣಗುತ್ತಿರುವ ತಾಯಿಯೇ ಅದಕ್ಕೆ ಆಹಾರವನ್ನು ಕೊಡುತ್ತಿರುತ್ತದೆ. ಆಮೇಲೆ ಹರಿತವಾದ ಶುದ್ಧ ಚಾಕುವಿನಿಂದ ಕತ್ತರಿಸಿ, ಗಾಯವನ್ನು ಒಂದೆರಡು ದಿನ ನೆರಳಿನಲ್ಲಿ ಆರಿಸಿ, ಹೊಸ ಕರಟದಲ್ಲಿ ನೆಡಬಹುದು.

ಹೂವನ್ನು ಬೇಗ ತರಿಸುವ ಉಪಾಯವೊಂದುಂಟು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಅನಾನಸು ಬೆಳೆಗಾರರು, ಗಾಜಿನ ಮನೆಯಲ್ಲಿ ಹೊಗೆ ಹಾಕಿದರೆ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುವುದನ್ನು 19ನೆಯ ಶತಮಾನದಲ್ಲಿ ಕಂಡುಕೊಂಡರು. ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲವೇ ಇದಕ್ಕೆ ಕಾರಣ. ಮಾಗಿದ ಸೇಬಿನಿಂದಲೂ ಅದು ಹೊರಡುತ್ತದೆ. ಬಟ್ಟಲನ್ನು ಬರಿದುಮಾಡಿ, ಬೆಳೆದ ಗಿಡವನ್ನು ಸೇಬಿನೊಡನೆ ಚೀಲದಲ್ಲಿ ಒಂದು ವಾರ ಕಟ್ಟಿಟ್ಟರೆ, ಕೆಲವು ವಾರಗಳ ಮೇಲೆ ಹೂ ಬರುವುದುಂಟು. ಆದರೆ ಹೂವೇ ತಾಯಿಗಿಡದ ಅಂತ್ಯದ ಆರಂಭವೆಂಬುದನ್ನು ಬಲ್ಲವರು ಈ ಅವಸರಕ್ಕೆ ಹೋಗಲಾರರು. ಅಟ್ಟದ ಕಾಯಿಯ ನೀರು ಇಂಗುವವರೆಗೆ ಕಾಯಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಜಗುಲಿಯ ಕಂಬದ ಮೇಲಿದ್ದ ತಾಯಿಗಿಡವು ಕಳೆದ ಬೇಸಗೆಯಲ್ಲಿ ಒಣಗಿತು. ಅದರ ನಾಲ್ಕು ಮರಿಗಳಲ್ಲಿ ಒಂದನ್ನು ಆಶಾ ಕಾರ್ಯಕರ್ತೆಯವರು ಕೇಳಿ ಪಡೆದರು. ಬಟ್ಟಲನ್ನು ನಾಲ್ಕು ದಿನಕ್ಕೊಮ್ಮೆ ಬಗ್ಗಿಸಬೇಕೆಂದು ನಾನು ಅವರಿಗೆ ಹೇಳಹೋದುದು ಅಧಿಕಪ್ರಸಂಗವಾಯಿತೆಂದು ಆಮೇಲೆ ತೋರಿತು. ಇನ್ನೊಂದನ್ನು ನಮ್ಮ ತಂದೆಯವರು, ಯಾರೂ ಇಲ್ಲದ ಹೊತ್ತಿನಲ್ಲಿ, ಅಂಗಳದ ತೆಂಗಿಗೆ ನಾರಿನ ಹಗ್ಗದಿಂದ ಕಟ್ಟಿದ್ದಾರೆ.